ಕೊಡೆಯ ಗುಂಡಿ

ಅಕ್ಕ ಮಡಿಸುತ್ತಿದ್ದ ಕೊಡೆ ಟಿಕ್ ಎಂದಿತು. ಅವಳ ಬೆರಳು ಗುಂಡಿಯ ಮೇಲೇ ನಿಂತಿತು. ನರ್ಸ್ ಆಗಿರುವ ತಂಗಿ ಕಂಡುಹಿಡಿದ, ಒಂದೇ ಕೈಯಲ್ಲಿ ಏರಿಸಿ ಇಳಿಸುವ ಡ್ರಿಪ್ ಸ್ಟ್ಯಾಂಡಿನೊಳಗೂ ಇದೇ ಸ್ಪ್ರಿಂಗ್, ಇದೇ ಗುಂಡಿ. ನಾಳೆ ತಂಗಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕುವವಳಿದ್ದಳು.

“ಚಿಕ್ಕವಳು ಹೊಸದೊಂದು ಮಾಡೇಬಿಟ್ಟಳು. ನೀನು ಕಂಡೋರ ಅರ್ಜಿಯಲ್ಲಿ ತಪ್ಪು ಹುಡುಕ್ತಾ ಕೂತೆ,” ಎಂದು ಅಮ್ಮ ನಕ್ಕರು. ಅಕ್ಕ ತಂಗಿಯ ಕಡೆ ನೋಡದೆ ಕೊಡೆಯ ಪಟ್ಟಿ ಬಿಗಿದಳು. ಪೇಟೆಂಟ್ ಕಚೇರಿಯ ಪರೀಕ್ಷಕಿ ಅವಳು. ಕ್ಷೇತ್ರ ಬೇರೆಯಾದರೂ ಬಿಡಿಸುವ ತೊಡಕು ಒಂದೇ ಆದರೆ ಕೊಡೆಯಂಥ ಹಳೆಯ ವಸ್ತುವನ್ನು ತೋರಿಸಿಯೂ ‘ಇದು ಹೊಸದಲ್ಲ’ ಎನ್ನಬಹುದೆಂದು ಬಲ್ಲಳು. ಇವತ್ತೇ ಹೇಳಿದರೆ ತಂಗಿ ತಿದ್ದಿಕೊಳ್ಳಬಹುದು. ಹೇಳದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ.

“ಅಕ್ಕಾ, ಇಂಥದ್ದು ಮೊದಲೇ ಎಲ್ಲೂ ಇಲ್ಲ ತಾನೆ?”

“ಆಸ್ಪತ್ರೆ ಸಾಮಾನಿನಲ್ಲಿ ಎಲ್ಲೂ ಇಲ್ಲ ಕಣೇ.”

ಅದು ಸುಳ್ಳೇನಲ್ಲ. ಕೊಡೆಯನ್ನು ಕಪಾಟಿನ ಹಿಂದಕ್ಕೆ ತಳ್ಳುತ್ತಾ, ಅದರ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ಅಕ್ಕ ನಿರ್ಧರಿಸಿದಳು.