ದೋಣಿಯ ಸಂದೇಶ

ಒಬ್ಬನೇ ಮೀನಿಗೆ ಹೋದ ಭುವನೇಶ ತಿರುಗಿ ಬರಲಿಲ್ಲ. ಕೆಲವು ದಿನಗಳಾದ ಮೇಲೆ ಹುಡುಕಾಟ ನಿಂತಿತು. ಬಂದರಿನ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಮಾಡುವ ಅವನ ಹೆಂಡತಿ ಸುಲತಾಳಿಗೆ ಅಳು ಬರುವುದೂ ನಿಂತುಹೋಗಿತ್ತು.

“ಅತ್ತಿಗೆ, ಮ್ಯಾಪಿಂದ ಅಣ್ಣನ ದೋಣಿ ತೆಗೆದೇ ಬಿಟ್ಟಿದ್ದಾರಲ್ಲ?” ಎಂದ ಅವಳ ಜೊತೆ ಕೊಠಡಿಗೆ ಬಂದು ಬಾಗಿಲಲ್ಲೇ ನಿಂತಿದ್ದ ಮೈದುನ. “ಬೇರೆ ಹೇಗಾದ್ರೂ ನೋಡ್ಲಿಕ್ಕೆ ಆಗುದಿಲ್ವಾ?”

“ಆಗ್ತದೆ. ದೋಣಿಯ ಯಂತ್ರ ತಾನಿರುವ ಜಾಗವನ್ನು ಯುಡಿಪಿಯಲ್ಲಿ ಕಳಿಸೂದು, ಅಂದ್ರೆ ಉತ್ತರಕ್ಕೆ ಕಾಯುದಿಲ್ಲ. ನಾವು ಕೇಳಿದ್ರೂ ಬಿಟ್ರೂ ಅದು ಕಳಿಸ್ತಾ ಇರ್ತದೆ.”

ಅವಳು ಕಪ್ಪು ಪರದೆ ತೆರೆದು ಟಿಸಿಪಿಡಂಪ್ ಎಂಬ ಆಜ್ಞೆ ಟೈಪಿಸಿದಳು. ಸರ್ವರಿಗೆ ಬಂದು ಬೀಳುತ್ತಿದ್ದ ಸಂದೇಶಗಳು ಸಾಲುಸಾಲಾಗಿ ಮೇಲೇರಿದವು. ನಡುವೆ ಗಂಡನ ದೋಣಿಯ ಸಂಖ್ಯೆ ಕಂಡಿತು. ಮತ್ತೊಮ್ಮೆ ಕಂಡಿತು. ಅದರ ಜೊತೆಗಿದ್ದ ಅಕ್ಷಾಂಶ ರೇಖಾಂಶಗಳನ್ನು ನಕ್ಷೆಯಲ್ಲಿ ಹಾಕಿ ನೋಡಿದಳು. ದೋಣಿ ಮುಳುಗಿರಲಿಲ್ಲ. ಗೋವಾದಲ್ಲಿ ಮೀನು ಇಳಿಸುವ ಒಂದು ದಕ್ಕೆಯಲ್ಲಿ ನಿಂತಿತ್ತು. ಮದುವೆಗೆ ಮೊದಲು ಅವನು ಬಿಡಲಾರೆನೆಂದು ಹಠ ಹಿಡಿದಿದ್ದ ಹೆಂಗಸಿನ ಊರು ಅದು.

ಸುಲತಾ ಆ ಊರಿನ ಹೆಸರನ್ನು ಇನ್ನೊಮ್ಮೆ ಓದಿದಳು.

“ಎಂತಾದ್ರೂ ಬಂತಾ, ಅತ್ತಿಗೆ?” ಮೈದುನ ಬಾಗಿಲ ಬಳಿಯಿಂದ ಕೇಳಿದ.

ಅವಳು ಪರದೆ ಮುಚ್ಚಿದಳು.

“ಎಂತದೂ ಬರ್ತಾ ಇಲ್ಲ. ನಿಮ್ಮಣ್ಣನ ಉತ್ತರಕ್ರಿಯೆಗೆ ದಿನ ನೋಡು.”