ಕಿವಿಯೊಳಗಿನ ಮೇಡಂ

“ಬೋರ್ಡಿಗೆ ಪಾಠ ಹೇಳ್ತಿದ್ದೀರಿ. ಮಕ್ಕಳ ಕಡೆ ತಿರುಗಿ,” ಎಂದಿತು ಕಿವಿಯೊಳಗಿನ ದನಿ.

ಹೊಸ ಟೀಚರ್ ತಿರುಗಿದಳು. ಅಂಗೈ ಬೆವರಿಗೆ ಸೀಮೆಸುಣ್ಣ ಮೆತ್ತಗಾಗಿತ್ತು.

ದನಿ ತರಬೇತಿ ಮೇಡಂ ಅವರದು. ಪಕ್ಕದ ಕೋಣೆಯಲ್ಲಿ ಕೂತು, ಕ್ಯಾಮೆರಾದಲ್ಲಿ ತರಗತಿಯನ್ನು ನೋಡುತ್ತ, ಮೈಕಿನಲ್ಲಿ ಮೆಲ್ಲಗೆ ಹೇಳಿಕೊಡುವರು. ಇವಳ ಕಿವಿಯಲ್ಲಿ ಗುಂಡಿಯಷ್ಟು ಚಿಕ್ಕದೊಂದು ಯಂತ್ರ. ತಾಯಿಯ ವಯಸ್ಸಿನವರಾದರೂ ಮೇಡಂ ಯಾವ ಟೀಚರನ್ನೂ ‘ನೀನು’ ಎಂದವರಲ್ಲ. ಆ ದನಿ ಇದ್ದರಷ್ಟೇ ಇವಳಿಗೆ ಧೈರ್ಯ. ಇಲ್ಲವಾದರೆ ಎರಡನೇ ತರಗತಿಯ ಪುಟಾಣಿಗಳೆದುರೂ ಕೈಕಾಲು ತಣ್ಣಗಾಗುತ್ತಿತ್ತು.

“ನಾಳೆಯಿಂದ ಇದನ್ನ ತೆಗೆದುಬಿಡೋಣ,” ಎಂದಿದ್ದರು ಮೇಡಂ, ಬೆಳಗ್ಗೆ.

“ಬೇಡ ಮೇಡಂ. ಒಬ್ಬಳೇ ನಿಂತ್ರೆ ನಾಲಿಗೆನೇ ಏಳಲ್ಲ ನಂಗೆ.”

“ಹಾಗಾದ್ರೆ ಈ ಕೆಲಸಾನೇ ಬಿಟ್ಟುಬಿಡಿ. ಜೀವನಪೂರ್ತಿ ನಿಮ್ಮ ಕಿವೀಲಿ ಕೂರೋಕೆ ನಾನೇನು ಓಲೆನಾ?”

ಈಗ ಕೊನೆಯ ಬೆಂಚಿನ ಕೆಳಗೆ ಏನೋ ಹೊಳೆಯಿತು. ಯಾರದೋ ಬೆಲ್ಟು ಬಿದ್ದಿದೆ ಅಂದುಕೊಂಡಳು.

ಬೆಲ್ಟು ತಲೆ ಎತ್ತಿತು.

ಅದರಿಂದ ಗೇಣು ದೂರದಲ್ಲಿ ಎರಡು ಪುಟ್ಟ ಕಾಲು ತೂಗಾಡುತ್ತಿದ್ದವು. ಒಂದು ಗಳಿಗೆಯೂ ಬಾಯಿ ಮುಚ್ಚದ ಹುಡುಗಿಯವು; ಶಾಲೆಗೆಲ್ಲ ಅವಳು ‘ರೇಡಿಯೋ’.

ಟೀಚರ್ ಚೀರಲು ಬಾಯಿ ತೆರೆದಳು.

“ಕೂಗಬೇಡ,” ಎಂದಿತು ದನಿ. “ನಗು. ಮೊದಲು ಕಾಲು ಮೇಲೆತ್ತಿಸು.”

ಗಾಬರಿಗೆ ಮೇಡಂ ಅವರ ಬಹುವಚನವೂ ಹಾರಿಹೋಗಿತ್ತು.

“ಮಕ್ಕಳೇ, ನೆಲ ಎಲ್ಲಾ ನೀರು! ಬೆಂಚೇ ದೋಣಿ. ಯಾರ ಕಾಲು ನೆನೆಯುತ್ತೋ ಅವರು ಔಟ್!”

ಕಾಲುಗಳೆಲ್ಲ ಸರಸರನೆ ಮೇಲೇರಿದವು.

“ಟೀಚರ್, ನೀರಲ್ಲಿ ಮೊಸಳೆ ಇದ್ಯಾ?” ರೇಡಿಯೋ ಬಗ್ಗಲು ಹೊರಟಳು.

“ನೋಡೋಕೆ ಬಿಡಬೇಡ,” ಎಂದಿತು ದನಿ.

“ಇದೆ ಕಣೇ. ಬಗ್ಗಿದವರ ಮೂಗೇ ಅದಕ್ಕಿಷ್ಟ. ಎಲ್ರೂ ನನ್ನನ್ನೇ ನೋಡಿ.”

“ಬಾಗಿಲ ಹತ್ತಿರದವರು ಮೊದಲು. ಸದ್ದಿಲ್ಲದೆ.” ಮತ್ತೆ ದನಿ.

“ಈಗ ಎಲ್ರೂ ಮೀನು. ಮೀನು ಮಾತಾಡಲ್ಲ. ಮುಂದಿನ ದೋಣಿಯವರು ಮೆಲ್ಲಗೆ ಈಜಿ, ಹೊರಗೆ.”

ಒಂದೊಂದೇ ಬೆಂಚು ಖಾಲಿಯಾಯಿತು. ಕೊನೆಗೆ ಉಳಿದವಳು ರೇಡಿಯೋ ಒಬ್ಬಳೇ. ಹಾವು ಅವಳ ಬೆಂಚಿನ ಕಾಲಿಗೇ ಸುತ್ತಿಕೊಂಡಿತ್ತು. ಬಾಗಿಲು ಟೀಚರ್ ಬೆನ್ನ ಹಿಂದೆಯೇ ಇತ್ತು, ತೆರೆದೇ ಇತ್ತು.

“ನೀನು ಹೋಗದೆ ಇನ್ಯಾರು ಹೋಗ್ತಾರೆ? ಹತ್ತು,” ಎಂದಿತು ದನಿ.

ಹತ್ತಿದಳು. ಬೆಂಚಿನಿಂದ ಬೆಂಚಿಗೆ ಕಾಲಿಡುತ್ತ ಹೋಗಿ ಮಗುವನ್ನು ಎತ್ತಿ ಎದೆಗವಚಿಕೊಂಡಳು. ಕೆಳಗೆ ಬುಸ್ಸೆಂದಿತು. ಕೆಳಗೆ ನೋಡದೆ, ಬಂದ ದಾರಿಯಲ್ಲೇ ಮರಳಿ, ಹೊಸ್ತಿಲು ದಾಟಿ ಬಾಗಿಲೆಳೆದಳು.

ಅಷ್ಟರಲ್ಲಿ ಗೇಟಿನ ಕಡೆಯಿಂದ ತರಬೇತಿ ಮೇಡಂ ಕಾವಲುಗಾರನ ಜೊತೆ ಏದುಸಿರು ಬಿಡುತ್ತ ಓಡಿ ಬಂದರು. ಕಾಲಲ್ಲಿ ಒಂದೇ ಚಪ್ಪಲಿ.

ಟೀಚರ್ ಅವರ ಕೈ ಹಿಡಿದು ಅತ್ತೇಬಿಟ್ಟಳು. “ನೀವು ಒಂದೊಂದೇ ಹೇಳಿಕೊಡದೆ ಇದ್ದಿದ್ರೆ ನನ್ನ ಮಕ್ಕಳ ಗತಿ ಏನಾಗ್ತಿತ್ತು ಮೇಡಂ!”

ಮೇಡಂ ಪೆಚ್ಚಾಗಿ ನಿಂತರು. “ನಾನೆಲ್ರೀ ಹೇಳಿಕೊಟ್ಟೆ? ಹಾವು ಕಂಡಿದ್ದೇ ತಡ, ಮೈಕು ಬಿಸಾಕಿ ಇವರನ್ನ ಕರೆಯೋಕೆ ಗೇಟಿಗೆ ಓಡಿದ್ದೆ.”