ಎರವಲು ಕೋಟು

ಕೋಟಿನ ಗುಂಡಿಗಳು ಎಡಗಡೆ ಇದ್ದವು. ಅಲಮೇಲಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದರು.

"ಇದು ಹೆಂಗಸರ ಕೋಟು."

ವೇದಾ ಕಾಫಿ ಸೋಸುತ್ತಿದ್ದಳು. ಗಂಡ ಯಜ್ಞನಾರಾಯಣನ ವೈಕುಂಠ ಸಮಾರಾಧನೆ ಮುಗಿಸಿ ನೆಂಟರು ನಿನ್ನೆಯೇ ಹೊರಟಿದ್ದರು. ಹಾಲಿನವನು ಬಂದು ಹೋಗಿದ್ದ, ಕಾರ್ಖಾನೆಯ ಸೈರನ್ ಕೂಗಿತ್ತು. ಹೊಸ ತಿಪ್ಪಸಂದ್ರಕ್ಕೆ ಅದು ಮಾಮೂಲು ಸೋಮವಾರ.

"ಒಬ್ಬರ ಹತ್ರ ತಗೊಂಡಿದ್ದೀನಿ, ಅವರಿಗೀಗ ಬೇಕಾಗಿಲ್ಲ ಅಂದಿದ್ದ ಯಜ್ಞ," ಎಂದರು ಅತ್ತೆ. "ತೋಳು ಮೊಳಕೈಗೇ ನಿಲ್ತಿತ್ತು. ಆದರೂ ದಿನಾ ಲ್ಯಾಬಿಗೆ ಹಾಕ್ಕೊಂಡು ಹೋಗ್ತಿದ್ದ. ಅವತ್ತು ಬಾಗಿಲಿಗೆ ಬಂದಿದ್ದಳಲ್ಲ, ಶಿವಾಜಿನಗರದ ಹುಡುಗಿ. ಅವಳದೇನೆ?"

"ವಾಪಸ್ ಕೊಟ್ಟು ಬರ್ತೀನಿ, ಅತ್ತೆ."

"ನಾನು ಕೇಳಿದ್ದು ಅದಲ್ಲ."

ವೇದಾ ಲೋಟ ಮುಂದಿಟ್ಟಳು.

ಆ ಹುಡುಗಿ, ಶಮೀಮ್, ಅವತ್ತು ಒಳಗೆ ಬಂದಿರಲಿಲ್ಲ. ಹೊಸ್ತಿಲಾಚೆಯೇ ನಿಂತು ಮೆಲ್ಲಗೆ ಹೇಳಿದ್ದಳು. "ಸೋಮವಾರ ಕೊನೇ ದಿನ. ಮನೆಯವರು ಬಂದು ಹೇಳಿದ್ರೆ ಕಾಲೇಜಲ್ಲಿ ಅವರ ಸೀಟು ವೇಟಿಂಗ್ ಲಿಸ್ಟಲ್ಲಿ ಮೊದಲಿರೋರಿಗೆ. ಇಲ್ಲಾಂದ್ರೆ ಈ ವರ್ಷ ಅದು ಹಾಗೇ ಹಾಳಾಗುತ್ತೆ."

ಅಲಮೇಲಮ್ಮನ ಕಿವಿ ಚುರುಕು. "ಬೂದಿ ಆರೋಕ್ ಮುಂಚೆ ಸೀಟು ಕೇಳ್ಕೊಂಡು ಬಂದ್ಲು," ಎಂದು ಮೂರು ದಿನ ಗೊಣಗಿದ್ದರು.

ಯಜ್ಞನಾರಾಯಣ ಗಣಿತ ಕೇಳಿದ್ದರೆ ಸಾಕಿತ್ತು, ಸೀಟು ಸಿಗುತ್ತಿತ್ತು. ಎಂ.ಎಸ್ಸಿ. ಗಣಿತದ ಬೆಂಚುಗಳು ತುಂಬುತ್ತಲೇ ಇರಲಿಲ್ಲ, ನೂಕುನುಗ್ಗಲೆಲ್ಲ ರಸಾಯನಶಾಸ್ತ್ರಕ್ಕೆ. ಸೀಟು ಹಂಚುವ ದಿನ ಅಂಕಗಳ ಕ್ರಮದಲ್ಲಿ ಒಬ್ಬೊಬ್ಬರನ್ನೇ ಕರೆದು ಯಾವ ವಿಷಯ ಎಂದು ಕೇಳುತ್ತಿದ್ದರು. ಗಣಿತ ಎನ್ನುತ್ತೇನೆಂದು ಹಿಂದೆ ನಿಂತಿದ್ದವಳಿಗೆ ಮಾತು ಕೊಟ್ಟು ಒಳಗೆ ಹೋದವನು, ಮೇಜಿನ ಮುಂದೆ ಕೂತು ರಸಾಯನ ಎಂದ. ಅದೇ ಕೊನೆಯ ಸೀಟು. ಅವಳಿಗೆ ಅವನಿಗಿಂತ ಎರಡು ಅಂಕ ಕಡಿಮೆ.

"ಫ್ಯಾಕ್ಟರಿ ಲ್ಯಾಬಲ್ಲಿ ಕೆಲಸ ಬೇಕಂದ್ರೆ ಕೆಮಿಸ್ಟ್ರೀನೇ ಅಮ್ಮಾ," ಎಂದು ಊಟಕ್ಕೆ ಕೂತಾಗ ನಕ್ಕಿದ್ದ. "ಹಿಂದಿದ್ದವಳ ಮುಖ ನೋಡ್ಬೇಕಿತ್ತು. ವೇದಾ, ಹುಳಿ ಹಾಕು."

ವೇದಾ ಹುಳಿ ಬಡಿಸಿದ್ದಳು.

ಆಮೇಲೊಂದು ಭಾನುವಾರ ಸೈಕಲ್ಲಿನಲ್ಲಿ ಕೃಷ್ಣರಾಜಪುರಕ್ಕೆ ಹೋದವನನ್ನು ಹಳೆ ಮದ್ರಾಸು ರಸ್ತೆಯಲ್ಲಿ ಲಾರಿ ಹೊಡೆಯಿತು. ಸುದ್ದಿ ಬಂದಾಗ ವೇದಾಳಿಗೆ ಮೊದಲು ಹೊಳೆದದ್ದೇನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿರಲಿಲ್ಲ.

ಅವಳು ಕೋಟನ್ನು ಮಡಚಿ ಚೀಲಕ್ಕಿಟ್ಟಳು.

"ಬುಧವಾರ ನಿಮ್ಮಣ್ಣ ನಾಣಿ ಬರ್ತಾನೆ, ನಿನ್ನನ್ನ ಊರಿಗೆ ಕರ್ಕೊಂಡು ಹೋಗ್ತಾನೆ," ಎಂದರು ಅತ್ತೆ. "ಅಲ್ಲೀತನಕ ಹೊಸ್ತಿಲು ದಾಟ್ಬೇಡ. ಓದಿದ ಹುಡುಗಿ, ನಿನಗೆ ಬೇರೆ ಹೇಳ್ಬೇಕಾ? ಅವಳಿಗೆ ಸೀಟು ಸಿಕ್ಕಿದ್ರೆ ನಿನಗೇನು ಬಂತು?"

"ಎರವಲು ತಂದದ್ದು ಮನೇಲಿಟ್ಕೋಬಾರದು, ಅತ್ತೆ."

ಹಾಗೆ ಹೇಳಿಕೊಟ್ಟವರು ಅತ್ತೆಯೇ.

ಬಸ್ಸಿನಲ್ಲಿ ಹೆಂಗಸರು ಅವಳ ಬರಿ ಹಣೆ ನೋಡಿ ಜಾಗ ಬಿಟ್ಟು ಕೂತರು. ಹಲಸೂರು ದಾಟಿತು. ಕಾಲೇಜಿನಲ್ಲಿ ಅವಳು ಯಾರನ್ನೂ ದಾರಿ ಕೇಳಲಿಲ್ಲ. ಆಫೀಸಿನ ಮುಂದಿನ ಜಗಲಿಯಲ್ಲಿ ಶಮೀಮ್ ಕಾದಿದ್ದಳು.

"ಬರ್ತೀಯೋ ಇಲ್ವೋ ಅಂದ್ಕೊಂಡೆ."

"ಬಂದೆ."

ಗುಮಾಸ್ತ ಕೃಷ್ಣಸ್ವಾಮಿ ಅವಳ ಹಣೆ ನೋಡಿದವರೇ ಕಣ್ಣು ತಗ್ಗಿಸಿದರು, ಮತ್ತೆ ಎತ್ತಲಿಲ್ಲ. ಅವಳು ಹೇಳಿದ್ದನ್ನು ಕೇಳಿಕೊಂಡು ಯಜ್ಞನಾರಾಯಣನ ಹೆಸರಿನ ಮೇಲೆ ನಿಧಾನವಾಗಿ ಗೆರೆ ಎಳೆದರು.

"ಆತ ಗಣಿತ ಅಂದಿದ್ರೆ ಅವತ್ತೇ ಇಬ್ಬರಿಗೂ ಸಿಕ್ತಿತ್ತಮ್ಮ. ಆಮೇಲೆ ಆ ಹುಡುಗೀಗೂ ಹೇಳಿದ್ವಿ, ನೀನಾದ್ರೂ ಗಣಿತ ತಗೋ, ಕರೆದು ಕೊಡ್ತೀವಿ ಅಂತ. ಕೆಮಿಸ್ಟ್ರೀನೇ ಆಗ್ಬೇಕು, ಕಾಯ್ತೀನಿ ಅಂದ್ಲು." ಬಾಗಿಲ ಕಡೆ ಕೈ ಮಾಡಿದರು. "ಅವರೇ ಏನು? ಒಳಗೆ ಕರೀರಿ."

"ನಾನು ಗಣಿತದವಳು ಸರ್, ಸೇರಿ ತಿಂಗಳಾಯ್ತು," ಎಂದಳು ಶಮೀಮ್. "ಇವಳ ಜೊತೆಗೆ ಬಂದೆ ಅಷ್ಟೆ."

ಕೃಷ್ಣಸ್ವಾಮಿ ಕನ್ನಡಕ ಸರಿಪಡಿಸಿಕೊಂಡು ಮುಂದಿನ ಹೆಸರು ಓದಿದರು. "ವೇದಾ ಅಂತ ಇದೆ. ಬಂದಿದ್ದಾರಾ?"

ವೇದಾ ಚೀಲದಿಂದ ಕೋಟು ತೆಗೆದು, ಒಮ್ಮೆ ಕೊಡವಿ, ತೊಟ್ಟುಕೊಂಡಳು. ತೋಳುಗಳು ಸರಿಯಾಗಿ ಮಣಿಕಟ್ಟಿಗೆ ಬಂದವು.